ಕರಾವಳಿಯ ಮಳೆಗೂ ಪೇಟೆಯ ಸುತ್ತಾಟಕ್ಕೂ ಒಂದೇ ಜಾಕೆಟ್: ಆರಿಸುವುದು ಹೇಗೆ?

ಎರಡು ಮಳೆಗಾಲದ ಹಿಂದೆ ನಾನೊಂದು ದುಬಾರಿ ಜಾಕೆಟ್ ಕೊಂಡೆ. ನೀರು ತಡೆಯುವ ಶಕ್ತಿ 20,000 ಎಂದು ಅದರ ಲೇಬಲ್‌ನಲ್ಲಿ ದೊಡ್ಡದಾಗಿ ಬರೆದಿತ್ತು. ಜುಲೈ ತಿಂಗಳ ಒಂದು ಬೆಳಿಗ್ಗೆ ಅದನ್ನು ಹಾಕಿಕೊಂಡು ಸುರತ್ಕಲ್‌ನಿಂದ ಹಂಪನಕಟ್ಟೆಗೆ ಸ್ಕೂಟರ್‌ನಲ್ಲಿ ಬಂದೆ. ಇಳಿದು ಜಾಕೆಟ್ ತೆಗೆದು ನೋಡಿದರೆ ಬೆನ್ನು ಒದ್ದೆ, ತೋಳು ಒದ್ದೆ, ಕಂಕುಳು ಒದ್ದೆ. ಇಷ್ಟು ದುಡ್ಡು ಕೊಟ್ಟ ಜಾಕೆಟ್ ಸೋರುತ್ತಿದೆ ಎಂದು ತುಂಬಾ ಬೇಜಾರಾಯಿತು. ಅಂಗಡಿಯವರು ವಾಪಸ್ ತೆಗೆದುಕೊಳ್ಳಲಿಲ್ಲ. ಮನೆಗೆ ಬಂದು ಜಾಕೆಟ್‌ನ ಒಳಗೆ ಒಣ ಬೈರಾಸು (ಟವೆಲ್) ತುಂಬಿ, ಮೇಲಿಂದ ಐದು ನಿಮಿಷ ನೀರು ಸುರಿದೆ. ಬೈರಾಸು ಒಣಗಿಯೇ ಇತ್ತು! ಅಂದು ಅಂಗಿಯನ್ನು ತೋಯಿಸಿದ್ದು ಮಳೆ ಅಲ್ಲ, ನನ್ನದೇ ಬೆವರು.

ಜಾಕೆಟ್‌ನಲ್ಲಿ ದೋಷ ಇರಲಿಲ್ಲ. ಅದು ಚಳಿ ದೇಶದ ಗುಡ್ಡಗಳಿಗೆಂದು ಹೊಲಿದ ಜಾಕೆಟ್. ನಾನು ಅದನ್ನು ಮಂಗಳೂರಿಗೆ ತಂದಿದ್ದೆ.

ಈಗ ಮಣಿಪಾಲದ ಕಾಲೇಜು ಹುಡುಗ ಹುಡುಗಿಯರಿಂದ ಹಿಡಿದು ಮಂಗಳೂರಿನ ಆಫೀಸಿಗೆ ಹೋಗುವವರ ತನಕ ತುಂಬಾ ಜನ ಟ್ರೆಕಿಂಗ್ ಜಾಕೆಟ್ ಹಾಕುತ್ತಾರೆ. ಪರ್ವತ ಹತ್ತುವವರ ಉಡುಪನ್ನು ಪೇಟೆಯಲ್ಲಿ ಹಾಕುವ ಈ ಶೈಲಿಗೆ ಗಾರ್ಪ್‌ಕೋರ್ ಎಂಬ ಹೆಸರು ಬಂದದ್ದು 2017ರಲ್ಲಿ. ಗಾರ್ಪ್ ಎಂದರೆ ಟ್ರೆಕ್ ಹೋಗುವವರು ಚೀಲದಲ್ಲಿ ಇಟ್ಟುಕೊಳ್ಳುವ ದ್ರಾಕ್ಷಿ, ಕಡಲೆಕಾಯಿ ತಿಂಡಿ. ಈ ಶೈಲಿ ನನಗೆ ತುಂಬಾ ಇಷ್ಟ. ವರ್ಷಕ್ಕೆ ನಾಲ್ಕು ತಿಂಗಳು ಬಿಡದೆ ಮಳೆ ಸುರಿಯುವ ನಮ್ಮ ಊರಿನಲ್ಲಿ ಇದು ಬರೀ ತೋರಿಕೆ ಅಲ್ಲ, ದಿನಾ ಕೆಲಸಕ್ಕೆ ಬರುವ ಉಡುಪು. ಭಾನುವಾರ ಕುದುರೆಮುಖ, ಸೋಮವಾರ ಆಫೀಸು, ಸಂಜೆ ಐಸ್‌ಕ್ರೀಂ ಅಂಗಡಿ, ಎಲ್ಲದಕ್ಕೂ ಒಂದೇ ಜಾಕೆಟ್ ಸಾಕು. ಆರಿಸುವಾಗ ಮಾತ್ರ ನಮ್ಮ ಹವೆಯನ್ನು ಮರೆಯಬಾರದು.

ಮೊದಲ ಹೆಜ್ಜೆ: ನಮ್ಮ ಹವೆಯನ್ನು ಲೆಕ್ಕಕ್ಕೆ ತೆಗೆದುಕೊಳ್ಳಿ

ದುಬಾರಿ ಜಾಕೆಟ್‌ಗಳ ಬಟ್ಟೆಯೊಳಗೆ ಒಂದು ತೆಳು ಪೊರೆ ಇರುತ್ತದೆ. ಎಲ್ಲರೂ ಕೇಳಿರುವ ಹೆಸರು ಗೋರ್‌ಟೆಕ್ಸ್. 1969ರಲ್ಲಿ ಅಮೆರಿಕದ ಬಾಬ್ ಗೋರ್, ಬಿಸಿ ಮಾಡಿದ ಟೆಫ್ಲಾನ್ ಕಡ್ಡಿಯನ್ನು ಜೋರಾಗಿ ಒಮ್ಮೆಲೇ ಎಳೆದಾಗ ಅದು ಹಲವು ಪಟ್ಟು ಉದ್ದಕ್ಕೆ ಹಿಗ್ಗಿತು. ಕಣ್ಣಿಗೆ ಕಾಣದಷ್ಟು ಸಣ್ಣ ತೂತುಗಳು ಅದರಲ್ಲಿ ಮೂಡಿದ್ದವು. ನೀರಿನ ಹನಿ ಆ ತೂತಿಗಿಂತ ದೊಡ್ಡದು, ಒಳಗೆ ಬರಲಾರದು. ಬೆವರಿನ ಆವಿ ಚಿಕ್ಕದು, ಹೊರಗೆ ಹೋಗಬಲ್ಲದು.

ಆದರೆ ಆವಿ ತಾನಾಗಿ ಹೊರಗೆ ಹೋಗುವುದಿಲ್ಲ. ಒಳಗೆ ಆವಿ ಜಾಸ್ತಿ, ಹೊರಗೆ ಕಡಿಮೆ ಇದ್ದರೆ ಮಾತ್ರ ಹೋಗುತ್ತದೆ. ನಾರ್ವೆಯಲ್ಲಿ ಹೊರಗೆ 5 ಡಿಗ್ರಿ ಚಳಿ ಇರುವಾಗ ಆ ತಣ್ಣನೆ ಗಾಳಿಯಲ್ಲಿ ಆವಿ ಬಹಳ ಕಡಿಮೆ. ಹಾಗಾಗಿ ಜಾಕೆಟ್ ಚೆನ್ನಾಗಿ ಉಸಿರಾಡುತ್ತದೆ. ನಮ್ಮಲ್ಲಿ ಆಟಿ ತಿಂಗಳಿನಲ್ಲಿ, ಅಂದರೆ ಜುಲೈ ನಡುವಿನಿಂದ ಆಗಸ್ಟ್ ನಡುವಿನ ತನಕ, ಹೊರಗೆ 27 ಡಿಗ್ರಿ ಸೆಕೆ. ಗಾಳಿಯ ತೇವಾಂಶ ಶೇಕಡಾ 90ರ ಆಸುಪಾಸು. ಒಗೆದ ಬಟ್ಟೆಯೇ ಮೂರು ದಿನ ಒಣಗದ ಗಾಳಿ ಅದು. ಜಾಕೆಟ್ ಒಳಗಿನ ಬೆವರು ಎಲ್ಲಿಗೆ ಹೋಗಬೇಕು, ಹೇಳಿ?

ನಮ್ಮ ಹಿರಿಯರ ಗೊರಬನ್ನು ನೆನಪು ಮಾಡಿಕೊಳ್ಳಿ. ಬಿದಿರಿನ ಸೀಳು, ಒಣ ಎಲೆ ಸೇರಿಸಿ ಹೆಣೆದದ್ದು. ನೇಜಿ (ಭತ್ತದ ಸಸಿ) ನೆಡುವ ಹೆಂಗಸರು ತಲೆಯಿಂದ ಸೊಂಟದ ತನಕ ಹೊದ್ದು ಗದ್ದೆಯಲ್ಲಿ ಬಗ್ಗಿ ನಿಲ್ಲುತ್ತಿದ್ದರು. ಮಳೆ ಬೆನ್ನ ಮೇಲೆ ಬಿದ್ದು ಜಾರಿ ಹೋಗುತ್ತಿತ್ತು. ಎದುರಿನ ಕಡೆ ಪೂರ್ತಿ ತೆರೆದೇ ಇರುತ್ತಿತ್ತು. ಇಡೀ ದಿನ ಬಗ್ಗಿ ದುಡಿದರೂ ಮೈಗೆ ಗಾಳಿ ಸಿಗುತ್ತಿತ್ತು. ಜಾಕೆಟ್‌ನಲ್ಲೂ ನಾವು ಹುಡುಕಬೇಕಾದ್ದು ಇದನ್ನೇ. ಮೇಲಿಂದ ನೀರು ಬರಬಾರದು, ಬದಿಯಿಂದ ಗಾಳಿ ಬರಬೇಕು.

ಎರಡನೆಯದು: ಬೇಡದ್ದನ್ನು ಬದಿಗಿಡಿ

ಹಕ್ಕಿಯ ಗರಿ ತುಂಬಿದ ಪಫರ್ ಜಾಕೆಟ್ ಫೋಟೋದಲ್ಲಿ ಚೆಂದ. ಇಲ್ಲಿ ಅದನ್ನು ಹಾಕುವ ದಿನವೇ ಬರುವುದಿಲ್ಲ. ತೇವಕ್ಕೆ ಗರಿ ಮುದ್ದೆಯಾಗುತ್ತದೆ. ಒಳಗೆ ಬೆಳ್ಳಿ ಚುಕ್ಕಿಗಳಿರುವ ಜಾಕೆಟ್‌ಗಳೂ ಬರುತ್ತವೆ. ಅವು ಮೈಯ ಬಿಸಿಯನ್ನು ಮತ್ತೆ ಮೈಗೇ ತಿರುಗಿಸಲು ಮಾಡಿದವು, ನಮಗೆ ಬೇಡ. ದಪ್ಪ ಫ್ಲೀಸ್ ಒಳಪದರ ಇರುವುದೂ ಬೇಡ. ಹಿಮಾಲಯಕ್ಕೆ ಹೋಗುವುದಿದ್ದರೆ ಅದು ಬೇರೆಯೇ ಖರೀದಿ.

ಸಾಫ್ಟ್‌ಶೆಲ್ ಎಂಬ ಮೆತ್ತನೆ ಜಾಕೆಟ್ ಸಣ್ಣ ಹನಿಗೆ ತಡೆಯುತ್ತದೆ, ನಮ್ಮ ಮಳೆಗೆ ಹತ್ತು ನಿಮಿಷವೂ ನಿಲ್ಲುವುದಿಲ್ಲ. ವಿಂಡ್‌ಚೀಟರ್ ಕೂಡ ಹಾಗೇ. ಅದು ಡಿಸೆಂಬರ್ ಬೆಳಗ್ಗಿನ ಸವಾರಿಗೆ ಒಳ್ಳೆಯದು.

ನಮಗೆ ಬೇಕಾದ್ದು ಶೆಲ್ ಜಾಕೆಟ್. ಅಂದರೆ ಒಳಗೆ ಯಾವ ಬೆಚ್ಚನೆ ಪದರವೂ ಇಲ್ಲದ, ನೀರು ತಡೆಯುವ ತೆಳು ಹೊರಕವಚ. ಮಡಚಿದರೆ ಬ್ಯಾಗಿನ ಮೂಲೆಯಲ್ಲಿ ಕೂರಬೇಕು. ಬೆಂಗಳೂರಿಗೆ ಹೋಗುವ ಎಸಿ ಸ್ಲೀಪರ್ ಬಸ್ಸಿನಲ್ಲಿ ಚಳಿಯಾದರೆ ಒಳಗೆ ಒಂದು ಹತ್ತಿಯ ತುಂಬುತೋಳಿನ ಅಂಗಿ ಹಾಕಿಕೊಂಡರೆ ಸಾಕಾಗುತ್ತದೆ.

ಮೂರನೆಯದು: ಲೇಬಲ್ ಓದಿ, ಆದರೆ ದೊಡ್ಡ ಸಂಖ್ಯೆಗೆ ಮರುಳಾಗಬೇಡಿ

ಲೇಬಲ್‌ನಲ್ಲಿ ಎರಡು ಸಂಖ್ಯೆ ಇರುತ್ತದೆ. ಮೊದಲನೆಯದು ಮಿಲಿಮೀಟರ್ ಲೆಕ್ಕದಲ್ಲಿ. ಬಟ್ಟೆಯ ಮೇಲೆ ನೀರಿನ ಕಂಬ ಏರಿಸುತ್ತಾ ಹೋದರೆ ಎಷ್ಟು ಎತ್ತರಕ್ಕೆ ನೀರು ಜಿನುಗುತ್ತದೆ ಎಂಬ ಅಳತೆ ಅದು. 10,000 ಎಂದರೆ 10 ಮೀಟರ್ ನೀರಿನ ಒತ್ತಡ. ಬಸ್ಸಿಗೆ ನಡೆದು ಹೋಗುವವರಿಗೆ, ಪೇಟೆ ಸುತ್ತುವವರಿಗೆ 10,000 ಧಾರಾಳ ಸಾಕು. ಸ್ಕೂಟರ್, ಬೈಕ್ ಇದ್ದರೆ ಗಾಳಿ ಮಳೆಯನ್ನು ಎದೆಗೆ ಒತ್ತುತ್ತದೆ. ಬ್ಯಾಕ್‌ಪ್ಯಾಕ್ ಪಟ್ಟಿ ಹೆಗಲನ್ನು ಒತ್ತುತ್ತದೆ. ಅಂಥವರು 15,000 ಅಥವಾ ಅದಕ್ಕಿಂತ ಮೇಲಿನದು ನೋಡಿ. 5,000ದ ಕೆಳಗಿನದು ನಮ್ಮ ಜುಲೈಗೆ ಆಗುವುದಿಲ್ಲ.

ಎರಡನೆಯ ಸಂಖ್ಯೆ ಉಸಿರಾಟದ್ದು. ಒಂದು ಚದರ ಮೀಟರ್ ಬಟ್ಟೆಯಿಂದ 24 ಗಂಟೆಯಲ್ಲಿ ಎಷ್ಟು ಗ್ರಾಂ ಆವಿ ಹೊರಹೋಗುತ್ತದೆ ಎಂಬುದು. ಇದನ್ನು ಅಳೆಯುವ ವಿಧಾನಗಳು ಹಲವು. ಒಂದೊಂದು ಕಂಪನಿ ಒಂದೊಂದು ವಿಧಾನ ಹಿಡಿಯುತ್ತದೆ. ಹಾಗಾಗಿ ಒಂದು ಕಂಪನಿಯ 10,000ವನ್ನು ಇನ್ನೊಂದರ 15,000ದ ಜೊತೆ ಹೋಲಿಸಿ ಉಪಯೋಗ ಇಲ್ಲ. ನಮ್ಮ ಹವೆಯಲ್ಲಂತೂ ಈ ಸಂಖ್ಯೆ ಅರ್ಧ ಕೆಲಸವನ್ನೂ ಮಾಡುವುದಿಲ್ಲ. ಈ ಸಂಖ್ಯೆಯ ಮೇಲೆ ಜಾಸ್ತಿ ದುಡ್ಡು ಸುರಿಯಬೇಡಿ.

ಸಂಖ್ಯೆಗಿಂತ ಮುಖ್ಯವಾದ ಒಂದು ವಿಷಯ ಉಂಟು. ಜಾಕೆಟ್ ಒಳಮೈ ಹೊರಗೆ ಮಾಡಿ ಹೊಲಿಗೆ ನೋಡಿ. ಹೊಲಿಗೆ ಹಾಕಿದಲ್ಲೆಲ್ಲ ಸೂಜಿ ತೂತು ಮಾಡಿರುತ್ತದೆ. ಅದರ ಮೇಲೆ ಟೇಪ್ ಅಂಟಿಸಿರಬೇಕು. ಕೆಲವು ಜಾಕೆಟ್‌ಗಳಲ್ಲಿ ಹೆಗಲು, ಟೋಪಿಗೆ ಮಾತ್ರ ಟೇಪ್ ಇರುತ್ತದೆ. ಕಂಕುಳಿನಿಂದ ಸೊಂಟದ ತನಕ, ಕಿಸೆಯ ಸುತ್ತ, ತೋಳಿನ ತುದಿಯಲ್ಲಿ, ಎಲ್ಲ ಕಡೆ ಟೇಪ್ ಇರುವುದನ್ನೇ ತೆಗೆದುಕೊಳ್ಳಿ. ಇಲ್ಲಿ ಮಳೆ ಮೇಲಿಂದ ಮಾತ್ರ ಬರುವುದಿಲ್ಲ, ಬದಿಯಿಂದಲೂ ರಾಚುತ್ತದೆ ಅಲ್ವಾ?

ನಾಲ್ಕನೆಯದು: ಒಳಮೈಯನ್ನು ಬರಿಗೈಯಿಂದ ಮುಟ್ಟಿ

ಇದನ್ನು ಯಾವ ಅಂಗಡಿಯವರೂ ಹೇಳುವುದಿಲ್ಲ. ಚಳಿ ದೇಶದವರು ಜಾಕೆಟ್ ಒಳಗೆ ಉದ್ದ ತೋಳಿನ ಬಟ್ಟೆ ಹಾಕುತ್ತಾರೆ. ನಾವು ಅರ್ಧ ತೋಳಿನ ಟೀಶರ್ಟ್‌ನವರು. ಜಾಕೆಟ್ ಒಳಮೈ ನೇರವಾಗಿ ಮುಂಗೈಗೆ ಅಂಟುತ್ತದೆ.

ಕಡಿಮೆ ಬೆಲೆಯ ಜಾಕೆಟ್‌ಗಳಲ್ಲಿ ಹೆಚ್ಚಿನವು ಎರಡೂವರೆ ಪದರದವು. ಹೊರಬಟ್ಟೆ, ಅದಕ್ಕೆ ಅಂಟಿಸಿದ ಪೊರೆ, ಅದರ ಮೇಲೆ ಪ್ರಿಂಟ್ ಮಾಡಿದ ತೆಳು ಲೇಪ. ಹಗುರ, ಸಣ್ಣಗೆ ಮಡಚುತ್ತದೆ. ಆದರೆ ಬೆವರಿದ ಕೈಗೆ ಪ್ಲಾಸ್ಟಿಕ್‌ನಂತೆ ಅಂಟುತ್ತದೆ. ಮೂರು ಪದರದ ಜಾಕೆಟ್‌ನಲ್ಲಿ ಒಳಗೆ ತೆಳುವಾದ ಹೆಣಿಗೆ ಬಟ್ಟೆ ಸೇರಿಸಿರುತ್ತಾರೆ. ಅದು ಬೆವರನ್ನು ಹೀರಿ ಹರಡುತ್ತದೆ, ಮೈಗೆ ಅಂಟುವುದಿಲ್ಲ. ದುಡ್ಡು ಜಾಸ್ತಿ ಕೊಡಲು ಆಗುವುದಿದ್ದರೆ ಇದಕ್ಕೆ ಕೊಡಿ. ಆಗದಿದ್ದರೆ ಒಳಗೆ ಜಾಲರಿ ಬಟ್ಟೆ ಇರುವ ಎರಡು ಪದರದ್ದು ನೋಡಿ. ಒಣಗಲು ತಡವಾದರೂ ಅಂಟುವ ಹಿಂಸೆ ಕಡಿಮೆ.

ಐದನೆಯದು: ಗಾಳಿಯ ದಾರಿಗಳನ್ನು ಎಣಿಸಿ

ನನ್ನ ಮಟ್ಟಿಗೆ ಇಡೀ ಆಯ್ಕೆ ನಿಂತಿರುವುದು ಇಲ್ಲಿ. ಕಂಕುಳ ಕೆಳಗೆ ಜಿಪ್ ಇದೆಯೇ? ಇದನ್ನು ಪಿಟ್ ಜಿಪ್ ಎನ್ನುತ್ತಾರೆ. ಅದು ಗೇಣುದ್ದವಾದರೂ ಇರಬೇಕು. ಜಾಕೆಟ್ ಹಾಕಿಕೊಂಡೇ ಒಂದು ಕೈಯಲ್ಲಿ ಎಳೆಯಲು ಬರುತ್ತದೆಯೇ ನೋಡಿ. ಹೆಚ್ಚಿನವು ಅರ್ಧ ದಾರಿಯಲ್ಲಿ ಸಿಕ್ಕಿಕೊಳ್ಳುತ್ತವೆ. ಮಳೆಯಲ್ಲಿ ನಡೆಯುವಾಗ ಇದನ್ನು ತೆರೆದೇ ಇಡಿ. ತೋಳು ಕೆಳಗಿರುವ ತನಕ ಅಲ್ಲಿಗೆ ನೀರು ಬೀಳುವುದಿಲ್ಲ, ನಡೆದಾಗ ಗಾಳಿ ಆಡುತ್ತದೆ. ಬೈಕಿನಲ್ಲಿ ಜೋರು ಮಳೆ ಬಂದರೆ ಮುಚ್ಚಿ. ಮಳೆ ಕಡಿಮೆಯಾದ ಕೂಡಲೇ ತೆರೆಯಿರಿ.

ಬೆನ್ನಿನ ಮೇಲ್ಭಾಗದಲ್ಲಿ ಬಟ್ಟೆಯ ಮಡಿಕೆ, ಅದರ ಅಡಿಯಲ್ಲಿ ಜಾಲರಿ ಇರುವ ಜಾಕೆಟ್ ಸಿಕ್ಕಿದರೆ ಬಿಡಬೇಡಿ. ಮಡಿಕೆ ಮಾಡಿನಂತೆ ನೀರನ್ನು ಜಾರಿಸುತ್ತದೆ, ಬಿಸಿ ಗಾಳಿ ಅಡಿಯಿಂದ ಹೋಗುತ್ತದೆ. ಬ್ಯಾಕ್‌ಪ್ಯಾಕ್ ಹಾಕಿದರೆ ಮಾತ್ರ ಅದು ಮುಚ್ಚಿಹೋಗುತ್ತದೆ. ಚೀಲ ಹೊರುವವರಿಗೆ ಕಂಕುಳ ಜಿಪ್ಪೇ ಗತಿ. ಕೆಲವು ಜಾಕೆಟ್‌ಗಳ ಕಿಸೆಯ ಒಳಬಟ್ಟೆಯೂ ಜಾಲರಿಯದ್ದು. ಕಿಸೆ ತೆರೆದರೆ ಅದೂ ಕಿಟಕಿಯ ಹಾಗೆ ಕೆಲಸ ಮಾಡುತ್ತದೆ. ಆದರೆ ಅದರಲ್ಲಿ ಮೊಬೈಲ್ ಇಟ್ಟು ತೆರೆದು ಬಿಡಬೇಡಿ. ಎದೆಯ ಮೇಲೆ ಬೇರೆ ಕಿಸೆ ಇದ್ದರೆ ಮೊಬೈಲ್ ಅಲ್ಲಿರಲಿ.

ಎದುರಿನ ಜಿಪ್ ಮೇಲಿಂದಲೂ ಕೆಳಗಿಂದಲೂ ತೆರೆಯುವಂತಿದ್ದರೆ ಬಹಳ ಅನುಕೂಲ. ಕೂತಾಗ ಕೆಳಗಿನಿಂದ ತೆರೆದರೆ ಹೊಟ್ಟೆಗೆ ಗಾಳಿ ಸಿಗುತ್ತದೆ. ನೋಡಲೂ ಚೆಂದ ಕಾಣುತ್ತದೆ. ಜಿಪ್ ಮೇಲೆ ನೀರು ತಡೆಯುವ ರಬ್ಬರ್ ಲೇಪ ಇದ್ದರೂ ಅದು ಪೂರ್ತಿ ತಡೆಯುವುದಿಲ್ಲ. ಬೈಕಿನವರಿಗೆ ಜಿಪ್ ಹಿಂದೆ ಒಂದು ಪಟ್ಟಿ ಬೇಕೇ ಬೇಕು.

ಆರನೆಯದು: ಅಂಗಡಿಯಲ್ಲಿ ಹಾಕಿ, ಬಸ್ಸಿನಲ್ಲಿ ನಿಂತಂತೆ ನಿಲ್ಲಿ

ಕನ್ನಡಿ ಮುಂದೆ ನೆಟ್ಟಗೆ ನಿಂತರೆ ಎಲ್ಲ ಜಾಕೆಟ್ ಚೆಂದವೇ. ಸ್ಟೇಟ್ ಬ್ಯಾಂಕ್ ಕಡೆಗೆ ಹೋಗುವ ಸಿಟಿ ಬಸ್ಸಿನಲ್ಲಿ ಮೇಲಿನ ಸರಳು ಹಿಡಿದಂತೆ ಎರಡೂ ಕೈ ಎತ್ತಿ. ಹೊಟ್ಟೆ ಕಂಡರೆ ಅದು ಗಿಡ್ಡ ಜಾಕೆಟ್. ನಂತರ ಹ್ಯಾಂಡಲ್ ಹಿಡಿದಂತೆ ಕೈ ಚಾಚಿ, ಸ್ವಲ್ಪ ಬಗ್ಗಿ. ಬೆನ್ನು ಎಳೆಯಬಾರದು, ಮಣಿಗಂಟು ಹೊರಗೆ ಬರಬಾರದು. ಹಿಂಬದಿ ಎದುರಿಗಿಂತ ಎರಡು ಬೆರಳು ಉದ್ದ ಇದ್ದರೆ ಸೀಟಿನ ನೀರು ಬೆನ್ನಿಗೆ ಹತ್ತುವುದಿಲ್ಲ. ತೋಳಿನ ತುದಿಯಲ್ಲಿ ವೆಲ್ಕ್ರೋ ಇರಲಿ. ಕೊಡೆ ಹಿಡಿದಾಗ, ಹ್ಯಾಂಡಲ್ ಹಿಡಿದಾಗ ನೀರು ಮೊಣಕೈ ತನಕ ಇಳಿಯುವುದು ಅಲ್ಲಿಂದಲೇ.

ಟೋಪಿಯ ಬಗ್ಗೆ ಎರಡು ಮಾತು. ಹೆಲ್ಮೆಟ್ ಹಾಕುವವರಿಗೆ ಟೋಪಿ ಬೆನ್ನ ಹಿಂದೆ ಬಟ್ಟಲಿನಂತೆ ತೆರೆದುಕೊಂಡು ನೀರು ತುಂಬಿಕೊಳ್ಳುತ್ತದೆ. ಇಳಿದ ಮೇಲೆ ಮರೆತು ತಲೆಗೆ ಹಾಕಿದರೆ ಅಷ್ಟೂ ನೀರು ಕುತ್ತಿಗೆಗೆ. ಕಳಚಲು ಬರುವ ಅಥವಾ ಕಾಲರಿನೊಳಗೆ ಸುತ್ತಿ ಇಡಲು ಬರುವ ಟೋಪಿ ಇರಲಿ. ನಡೆಯುವವರು ಟೋಪಿ ಹಾಕಿ ತಲೆ ಎಡಕ್ಕೆ, ಬಲಕ್ಕೆ ತಿರುಗಿಸಿ ನೋಡಿ. ಟೋಪಿ ತಲೆಯ ಜೊತೆ ತಿರುಗಬೇಕು. ಇಲ್ಲದಿದ್ದರೆ ರಸ್ತೆ ದಾಟುವಾಗ ಬದಿಯಿಂದ ಬರುವ ಬಸ್ಸು ಕಾಣುವುದಿಲ್ಲ.

ಏಳನೆಯದು: ಬಣ್ಣ, ಅಂದ

ನಮ್ಮದು ಮುರಕಲ್ಲಿನ ನೆಲ. ಮಳೆಗಾಲದಲ್ಲಿ ಎಲ್ಲಿ ಹೋದರೂ ಕೆಂಪು ನೀರು ಸಿಡಿಯುತ್ತದೆ. ಬಿಳಿ, ತಿಳಿ ಬೂದು, ಮರಳಿನ ಬಣ್ಣದ ಜಾಕೆಟ್ ವಿದೇಶಿ ಫೋಟೋದಲ್ಲಿ ನೋಡಿ ಆಸೆಪಟ್ಟು ಕೊಂಡರೆ ಒಂದು ತಿಂಗಳಿಗೆ ಅದರ ಅಂಚು ಕಂದಾಗುತ್ತದೆ. ಆ ಕಲೆ ಹೋಗುವುದೂ ಕಷ್ಟ. ಪಾಚಿ ಹಸಿರು, ಇಟ್ಟಿಗೆ ಕಂದು, ನವಿಲು ನೀಲಿ ಇಲ್ಲಿಗೆ ತುಂಬಾ ಒಪ್ಪುತ್ತವೆ. ಮಳೆಗಾಲದ ಹಸಿರಿನ ಎದುರು ಇಟ್ಟಿಗೆ ಬಣ್ಣ ಎಷ್ಟು ಚೆಂದ ಕಾಣುತ್ತದೆ ಎಂದರೆ, ಹೆಬ್ರಿ ದಾಟಿ ಆಗುಂಬೆ ಕಡೆ ಹೋದವರಿಗೆ ಗೊತ್ತಾಗುತ್ತದೆ. ಕಪ್ಪು ಎಲ್ಲದಕ್ಕೂ ಹೊಂದುತ್ತದೆ, ನಿಜ. ಆದರೆ ರಾತ್ರಿ ಮಳೆಯಲ್ಲಿ ಹೆದ್ದಾರಿ 66ರಲ್ಲಿ ಕಪ್ಪು ಜಾಕೆಟ್‌ನವರು ಲಾರಿಯವರ ಕಣ್ಣಿಗೆ ಬೀಳುವುದಿಲ್ಲ. ಕಪ್ಪೇ ಬೇಕಿದ್ದರೆ ಬೆನ್ನಿಗೆ, ತೋಳಿಗೆ ಬೆಳಕು ಹೊಡೆದಾಗ ಮಿನುಗುವ ಪಟ್ಟಿ ಇರಲೇಬೇಕು. ಹಗಲಿನಲ್ಲಿ ಅದು ಬರೀ ಬೂದು ಗೆರೆಯಾಗಿ ಕಾಣುತ್ತದೆ, ಅಂದ ಕೆಡುವುದಿಲ್ಲ.

ಹೊಳೆಯುವ ಬಟ್ಟೆ ರೈನ್‌ಕೋಟ್‌ನಂತೆ ಕಾಣುತ್ತದೆ. ಹೊಳಪಿಲ್ಲದ, ಹತ್ತಿಯಂತೆ ಕಾಣುವ ಹೊರಮೈ ಪೇಟೆಗೆ ಒಪ್ಪುತ್ತದೆ. ಬಟ್ಟೆ ನಡೆದಾಗ ಚರಪರ ಸದ್ದು ಮಾಡುತ್ತದೆಯೇ ಎಂದೂ ಕೇಳಿಸಿಕೊಳ್ಳಿ. ಗುಡ್ಡದಲ್ಲಿ ಪರವಾಗಿಲ್ಲ, ಲೈಬ್ರರಿಯಲ್ಲಿ ಕಷ್ಟ. ಲೋಗೋ ಸಣ್ಣದಿರಲಿ.

ಅಳತೆ ಮೈಗೆ ಅಂಟಿದಂತೆ ಬೇಡ. ಸ್ವಲ್ಪ ಸಡಿಲ, ಪೆಟ್ಟಿಗೆಯಂತೆ ನೇರ ಇಳಿಯುವ ಆಕಾರ ಈಗ ಫ್ಯಾಷನ್ನೂ ಹೌದು, ಗಾಳಿಗೂ ಒಳ್ಳೆಯದು. ಕುರ್ತಾ ಹಾಕುವವರು ಗಿಡ್ಡ ಜಾಕೆಟ್ ತೆಗೆದುಕೊಂಡರೆ ಕುರ್ತಾದ ಕೆಳಭಾಗ ಪೂರ್ತಿ ತೋಯುತ್ತದೆ. ತೊಡೆಯ ಅರ್ಧಕ್ಕೆ ಬರುವ ಉದ್ದ ಜಾಕೆಟ್ ಸಿಗುತ್ತದೆ, ಅದು ನೋಡಿ. ಪ್ಯಾಂಟಿಗೆ ದಪ್ಪ ಜೀನ್ಸ್ ಬೇಡ ಮಾರಾಯ್ರೇ, ಒದ್ದೆಯಾದರೆ ಸಂಜೆಯ ತನಕ ಒಣಗುವುದಿಲ್ಲ. ಬೇಗ ಒಣಗುವ ತೆಳು ನೈಲಾನ್ ಪ್ಯಾಂಟ್ ಅಥವಾ ಮಂಡಿ ತನಕದ ಶಾರ್ಟ್ಸ್, ಕಾಲಿಗೆ ಪಟ್ಟಿಯ ಸ್ಯಾಂಡಲ್. ಮಳೆಗಾಲದಲ್ಲಿ ಇಷ್ಟು ಚೆಂದ ಒಪ್ಪುವ ಜೋಡಿ ಬೇರೆ ಇಲ್ಲ.

ಬೆಲೆ

ಡೆಕಾಥ್ಲಾನ್‌ನ ಕೆಚುವಾ, ಬೆಂಗಳೂರಿನ ವೈಲ್ಡ್‌ಕ್ರಾಫ್ಟ್ ಇಂಥ ಹೆಸರುಗಳಲ್ಲಿ ಕೆಲವೇ ಸಾವಿರಕ್ಕೆ ಕೆಲಸಕ್ಕೆ ಬರುವ ಜಾಕೆಟ್ ಸಿಗುತ್ತದೆ. ಗೋರ್‌ಟೆಕ್ಸ್‌ನವು ಎಷ್ಟೋ ಪಟ್ಟು ದುಬಾರಿ. ಕುಮಾರಪರ್ವತ, ಕುದುರೆಮುಖಕ್ಕೆ ವರ್ಷಕ್ಕೆ ಎರಡು ಸಲ ಹೋಗಿ, ಉಳಿದ ದಿನ ಪೇಟೆಯಲ್ಲಿರುವವರಿಗೆ ದುಬಾರಿಯದ್ದು ಬೇಕಾಗಿಲ್ಲ. ಕಂಕುಳ ಜಿಪ್ ಇರುವ ಸಾಧಾರಣ ಜಾಕೆಟ್, ಜಿಪ್ ಇಲ್ಲದ ದುಬಾರಿ ಜಾಕೆಟ್‌ಗಿಂತ ಇಲ್ಲಿ ಒಳ್ಳೆಯದು.

ಹಳೆಯದನ್ನು ಕೊಳ್ಳುವವರು ಒಳಮೈಯನ್ನು ಬೆರಳಿನಿಂದ ಉಜ್ಜಿ. ಪುಡಿ ಉದುರಿದರೆ, ಅಂಟಂಟಾದರೆ, ಟೇಪ್ ಎದ್ದಿದ್ದರೆ ಬಿಟ್ಟುಬಿಡಿ. ಒಳಗಿನ ಪಾಲಿಯುರೆಥೇನ್ ಎಂಬ ಪ್ಲಾಸ್ಟಿಕ್ ಲೇಪ ತೇವ ಮತ್ತು ಸೆಕೆಗೆ ನಿಧಾನವಾಗಿ ಒಡೆದುಹೋಗುತ್ತದೆ, ಅದನ್ನು ಮತ್ತೆ ಸರಿ ಮಾಡಲು ಆಗುವುದಿಲ್ಲ.

ಮನೆಗೆ ತಂದ ದಿನ

ಬೆಲೆಪಟ್ಟಿ ಕೀಳುವ ಮೊದಲು, ಮಳೆಗೆ ಹೋಗುವ ಮೊದಲು, ಅಂಗಡಿಯವರ ವಾಪಸಾತಿ ನಿಯಮ ಕೇಳಿಕೊಂಡು ಬೈರಾಸಿನ ಪರೀಕ್ಷೆ ಮಾಡಿ. ಜಾಕೆಟ್ ಹ್ಯಾಂಗರ್‌ಗೆ ಹಾಕಿ, ಒಳಗೆ ಒಣ ಬೈರಾಸು ತುಂಬಿ, ಜಿಪ್ ಎಲ್ಲ ಮುಚ್ಚಿ. ಬಚ್ಚಲಿನಲ್ಲಿ ಹೆಗಲ ಮೇಲೆ ಚೆಂಬಿನಿಂದ ಐದು ನಿಮಿಷ ನೀರು ಸುರಿಯಿರಿ. ಬೈರಾಸಿನ ಯಾವ ಜಾಗ ಒದ್ದೆ ಆಗಿದೆ ನೋಡಿ. ಗೆರೆಯಂತೆ ಒದ್ದೆಯಾಗಿದ್ದರೆ ಹೊಲಿಗೆ ಸೋರುತ್ತಿದೆ. ಎದುರು ನಡುವಿನಲ್ಲಿ ಒದ್ದೆಯಾಗಿದ್ದರೆ ಜಿಪ್. ಬೈರಾಸು ಒಣಗಿಯೇ ಇದ್ದು, ರಸ್ತೆಯಲ್ಲಿ ಮಾತ್ರ ಅಂಗಿ ಒದ್ದೆಯಾದರೆ ಅದು ಬೆವರು. ಆಗ ಜಿಪ್ ತೆರೆದು ಸವಾರಿ ಮಾಡಿ ನೋಡಿ.

ಆಟಿಯಲ್ಲಿ ಆರೈಕೆ

ಹೊಸ ಜಾಕೆಟ್ ಮೇಲೆ ನೀರು ಮುತ್ತಿನಂತೆ ಉರುಳುತ್ತದೆ. ಅದಕ್ಕೆ ಕಾರಣ ಹೊರಬಟ್ಟೆಯ ಮೇಲಿನ ನೀರು ಜಾರಿಸುವ ಲೇಪ. ಅದು ಕೊಳೆಯಾದರೆ ಹೊರಬಟ್ಟೆ ನೀರು ಕುಡಿದು ಭಾರವಾಗುತ್ತದೆ, ಒಳಗಿನ ಪೊರೆ ಉಸಿರುಗಟ್ಟುತ್ತದೆ. ಹಳೆಯ ಲೇಪಗಳಲ್ಲಿ ಪಿಎಫ್‌ಎಎಸ್ ಎಂಬ, ಪರಿಸರದಲ್ಲಿ ಕರಗದೆ ಉಳಿಯುವ ರಾಸಾಯನಿಕ ಇತ್ತು. 2025ರಿಂದ ಅಮೆರಿಕದ ಕ್ಯಾಲಿಫೋರ್ನಿಯಾ, ನ್ಯೂಯಾರ್ಕ್ ರಾಜ್ಯಗಳು ಬಟ್ಟೆಗಳಲ್ಲಿ ಅದಕ್ಕೆ ನಿಷೇಧ ತಂದಿವೆ. ಕಂಪನಿಗಳು ಬೇರೆ ಲೇಪಕ್ಕೆ ಹೋಗಿವೆ. ಇದು ಒಳ್ಳೆಯ ಬದಲಾವಣೆ. ಆದರೆ ಹೊಸ ಲೇಪಕ್ಕೆ ಎಣ್ಣೆ ಆಗುವುದಿಲ್ಲ. ತಲೆಗೆ ತೆಂಗಿನೆಣ್ಣೆ ಹಾಕುವ ನಮಗೆ ಇದು ಮುಖ್ಯ. ಕಾಲರ್, ಟೋಪಿಯ ಅಂಚು ಮೊದಲು ಹಾಳಾಗುತ್ತವೆ. ಆ ಭಾಗವನ್ನು ವಾರಕ್ಕೊಮ್ಮೆ ಸಾದಾ ಲಿಕ್ವಿಡ್ ಸೋಪಿನಿಂದ ಮೆಲ್ಲಗೆ ಉಜ್ಜಿ ತೊಳೆಯಿರಿ.

ಇಡೀ ಜಾಕೆಟ್ಟನ್ನು ಮಳೆಗಾಲದಲ್ಲಿ ತಿಂಗಳಿಗೊಮ್ಮೆ ತೊಳೆದರೆ ಒಳ್ಳೆಯದು. ಮಲ್ಪೆ, ಪಣಂಬೂರು ಕಡಲ ಬದಿಗೆ ಹೋಗಿ ಬಂದರೆ ಅದೇ ದಿನ ಸಿಹಿನೀರಿನಲ್ಲಿ ಅದ್ದಿ ತೆಗೆಯಿರಿ. ಉಪ್ಪು ಜಿಪ್ಪನ್ನು ತಿನ್ನುತ್ತದೆ. ಬಟ್ಟೆ ಮೃದು ಮಾಡುವ ದ್ರವ, ಬ್ಲೀಚ್ ಎರಡೂ ಬೇಡ. ಸೋಪು ಸ್ವಲ್ಪವೂ ಉಳಿಯದಂತೆ ಎರಡು ಸಲ ಜಾಲಿಸಿ. ಒಣಗಿದ ಮೇಲೆ, ಲೇಬಲ್ ಒಪ್ಪಿದರೆ, ಮೇಲೆ ತೆಳು ಬಟ್ಟೆ ಹಾಕಿ ಕಡಿಮೆ ಬಿಸಿಯ ಇಸ್ತ್ರಿ ಆಡಿಸಿ. ಬಿಸಿಗೆ ಲೇಪಕ್ಕೆ ಮತ್ತೆ ಜೀವ ಬರುತ್ತದೆ, ನೀರು ಪುನಃ ಉರುಳಲು ಶುರುವಾಗುತ್ತದೆ. ಹಳೇ ಮನೆಗಳಲ್ಲಿ ಬಚ್ಚಲೊಲೆಯ ಮೇಲೆ ಬಟ್ಟೆ ಒಣಗಿಸುವ ಅಭ್ಯಾಸ ಉಂಟು. ನೈಲಾನ್ ಜಾಕೆಟ್ಟನ್ನು ಖಂಡಿತ ಅಲ್ಲಿ ಹಾಕಬೇಡಿ, ಕರಗುತ್ತದೆ.

ಒದ್ದೆ ಜಾಕೆಟ್ಟನ್ನು ಸ್ಕೂಟರ್‌ನ ಡಿಕ್ಕಿಯಲ್ಲಿ ಇಟ್ಟು ಮರೆಯುವುದೇ ಅದರ ಆಯುಷ್ಯ ಕಡಿಮೆ ಮಾಡುವ ದೊಡ್ಡ ಅಭ್ಯಾಸ. ಎರಡೇ ದಿನಕ್ಕೆ ವಾಸನೆ, ಒಂದು ವಾರಕ್ಕೆ ಬೂಷ್ಟು. ಮನೆಗೆ ಬಂದ ಕೂಡಲೇ ಒಳಮೈ ಹೊರಗೆ ಮಾಡಿ, ಎಲ್ಲ ಜಿಪ್ ತೆರೆದು, ಫ್ಯಾನಿನ ಕೆಳಗೆ ನೇತು ಹಾಕಿ. ನವರಾತ್ರಿ ಕಳೆದು ಮಳೆ ನಿಂತ ಮೇಲೆ ತೊಳೆದು, ನೆರಳಿನಲ್ಲಿ ಎರಡು ದಿನ ಒಣಗಿಸಿ, ಹ್ಯಾಂಗರ್‌ನಲ್ಲೇ ಇಡಿ. ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಡಬೇಡಿ. ತಿಂಗಳಿಗೊಮ್ಮೆ ಕಪಾಟಿನ ಬಾಗಿಲು ತೆರೆದು ಅದಕ್ಕೂ ಸ್ವಲ್ಪ ಗಾಳಿ ಕೊಡಿ.